ಹನ್ನೊಂದು ಕಾರು, ಒಂದೇ ಫೋನು

ತಿಂಗಳ ಕೊನೇ ದಿನ. ನಮ್ಮೂರ ಬೈಪಾಸ್ ಪಕ್ಕದ ಕಾರ್ ಶೋರೂಮಿಗೆ ಕಂಪನಿಯ ಏರಿಯಾ ಮ್ಯಾನೇಜರ್ ಚಕ್ರಪಾಣಿ ಸಾಹೇಬರು ದಯಮಾಡಿಸಿದರು. ಹಿಂದಿನ ಅಂಗಳದಲ್ಲಿ ಹನ್ನೊಂದು ಹೊಸ ಕಾರು ಧೂಳು ಹಿಡಿದು ನಿಂತಿದ್ದವು. ಒಂದರ ಅಡಿಯಲ್ಲಿ ಬೀದಿನಾಯಿ ಮರಿ ಹಾಕಿತ್ತು. ಆ ತಿಂಗಳು ಕಾರನ್ನು ವಶಕ್ಕೆ ತಗೊಂಡ ಗಿರಾಕಿ ಅಂದರೆ ಅದೊಂದೇ.

"ಇವಿಷ್ಟೂ ಮಾರಾಟ ಆಯ್ತು ಅಂತ ಕಂಪ್ಯೂಟರಿಗೆ ಹಾಕಮ್ಮ," ಎಂದರು ಗುಮಾಸ್ತೆ ವನಜಾಕ್ಷಿಗೆ.

"ಕೊಂಡೋರು ಯಾರು ಸಾರ್?"

"ಬಾಯಿಗೆ ಬಂದ ಹೆಸರು ಹಾಕು. ಜಿಲ್ಲೆಗೆ ನಾನೇ ಫಸ್ಟ್ ಬರ್ಬೇಕು. ಆಗಲ್ಲ ಅಂದ್ರೆ ನಾಳೆಯಿಂದ ಕೆಲಸಕ್ಕೆ ಬರ್ಬೇಡ."

ವನಜಾಕ್ಷಿ ಹನ್ನೊಂದು ಹೆಸರು ಹೊಡೆದಳು. ಸಾಹೇಬರು ಮೀಸೆ ತಿರುವುತ್ತ ಹೋದರು.

ಮಾರನೇ ದಿನ ಬೆಳಿಗ್ಗೆ ಅವರ ಫೋನು ಬಡಿದುಕೊಂಡಿತು.

"ಅಭಿನಂದನೆ ರಂಗಪ್ಪನವರೇ! ಕಂಪನಿ ಹೆಡ್ಡಾಫೀಸಿಂದ ಮಾತಾಡ್ತಿದ್ದೀವಿ. ಹೊಸ ಕಾರು ಹೇಗಿದೆ?"

"ಯಾವ ರಂಗಪ್ಪ? ನಾನ್ಯಾವ ಕಾರೂ ತಗೊಂಡಿಲ್ಲ. ಇಡ್ರೀ ಫೋನು!"

ಐದು ನಿಮಿಷಕ್ಕೆ ಮತ್ತೆ, "ಅಭಿನಂದನೆ ಮೆಹಬೂಬ್ ಸಾಬ್ರೇ!" ಆಮೇಲೆ ಕಮಲಮ್ಮನಿಗೂ ಅಭಿನಂದನೆ ಬಂತು. ಹನ್ನೊಂದನೇ ಫೋನಿಗೆ ಸಾಹೇಬರ ಗಂಟಲು ಒಡೆದಿತ್ತು. ಶೋರೂಮಿಗೆ ನುಗ್ಗಿದರು.

"ಎಲ್ಲದಕ್ಕೂ ನನ್ನ ನಂಬರ್ ಯಾಕೆ ಹಾಕ್ದೆ?"

"ನಂಬರ್ ಹಾಕದಿದ್ರೆ ಕಂಪ್ಯೂಟರ್ ಮುಂದಕ್ಕೆ ಹೋಗಲ್ಲ ಸಾರ್. ಇಲ್ಲದ ಜನಕ್ಕೆ ನಾನು ಎಲ್ಲಿಂದ ಫೋನ್ ತರ್ಲಿ?"

ಅಷ್ಟರಲ್ಲಿ ಮತ್ತೆ ಫೋನು. ಸಾಹೇಬರು ನಂಬರ್ ಕೂಡ ನೋಡದೆ ಕಿರುಚಿದರು, "ಕಾರು ತಗೊಂಡಿಲ್ಲ ಅಂತ ಎಷ್ಟು ಸಲ ಹೇಳೋದು?"

ಆ ಕಡೆ ಕಂಪನಿಯ ದೊಡ್ಡ ಸಾಹೇಬರು. "ಹನ್ನೊಂದು ಸಲ ಹೇಳಿದ್ದೀರಿ ಚಕ್ರಪಾಣಿ. ಎಲ್ಲಾ ರೆಕಾರ್ಡ್ ಆಗಿದೆ."