ಬಾವಿಯ ಕಾರ್ಡುಗಳು

"ಪುಸ್ತಕ ವಾಪಸ್ ಕೊಡೋದು ಎಲ್ಲಿ?" ಹದಿನೇಳು ದೇಶ ಸುತ್ತಿದವಳು ನಾನು, ಧಾರವಾಡದ ಗ್ರಂಥಾಲಯದಲ್ಲಿ ದಾರಿ ತಪ್ಪಿ ಕೇಳುತ್ತಿದ್ದೆ. ಚೀಲದಲ್ಲಿದ್ದದ್ದು ಹತ್ತೊಂಬತ್ತು ವರ್ಷದ ಹಿಂದೆ ಒಯ್ದ ಪುಸ್ತಕ.

"ಇಲ್ಲೇ ರೀ ಅಕ್ಕಾರ. ಸ್ವಲ್ಪ ನಿಲ್ರಿ, ಸಾಹೇಬ್ರು ಸಿಟ್ಟಿನಾಗ ಅದಾರ" ಎಂದ ಗುಮಾಸ್ತ.

ಸಾಹೇಬರು ಪ್ರೊಫೆಸರ್ ಹೊಸಮಠ. ಹಳೆಯ ಬಾವಿಗಳ ಸಂಶೋಧನೆಗೆ ಅವರಿಗೆ ಅನುದಾನ ಬೇಕಿತ್ತು. ಪ್ರೊಫೆಸರರ ಹೊರತು ಈ ವಿಷಯದ ಮೇಲೆ ಯಾರೂ ಬರೆದಿಲ್ಲವೆಂದು ಗುಮಾಸ್ತ ಸಹಿ ಹಾಕಬೇಕು. ಇಲ್ಲದಿದ್ದರೆ ಅವನಿಗೆ ವರ್ಗಾವಣೆ.

"'ಪಾರಂಪರಿಕ ಜಲವಾಸ್ತುಶಿಲ್ಪ' ಅಂತ ಹುಡುಕಿದೆ. ಪುಸ್ತಕಸೂಚಿಯಲ್ಲಿ ಒಂದು ಕಾರ್ಡೂ ಇಲ್ಲ. ಹಾಕು ಸಹಿ."

"ಹಾಕ್ತೀನ್ರಿ ಸರ್. ಮೊದಲ ನಿಮ್ಮ ಪುಸ್ತಕದ ಹೆಸರು ಹೇಳ್ರಿ."

ಪ್ರೊಫೆಸರು ಎದೆಯುಬ್ಬಿಸಿ ಹೇಳಿದರು. ಗುಮಾಸ್ತ ಅದರ ಕಾರ್ಡು ತೆಗೆದು, ಕೆಳಗೆ ಬರೆದಿದ್ದ ವಿಷಯ ಓದಿದ: "ಬಾವಿಗಳು."

"ನನ್ನ ಗ್ರಂಥಕ್ಕೆ ಬರೀ ಬಾವಿ ಅಂತ ಬರೆದವರು ಯಾರು?"

"ಒಳಗ ಬಾವಿನ ಅದಾವಲ್ರಿ ಸರ್."

ಆ ವಿಷಯದ ಡ್ರಾಯರು ಎಳೆದ. ಎರಡು ಕಾರ್ಡು: ಒಂದು ಪ್ರೊಫೆಸರರ ಪುಸ್ತಕದ್ದು, ಇನ್ನೊಂದು ಬೇರೆಯವರದು.

"ಇದೂ ನಿಮ್ಮ ಪುಸ್ತಕದ ಬಳಗರಿ."

ಪ್ರೊಫೆಸರು ಕಪಾಟಿಗೇ ಹೋಗಿ ನೋಡಿ ಬಂದರು. "ಅಲ್ಲಿ ನಂದೊಂದ ಅದ. ಸುಳ್ಳು ಕಾರ್ಡು ನಂಬಬೇಕೇನು? ಹಾಕು ಸಹಿ."

ಗುಮಾಸ್ತನ ಮುಖ ಬಾಡಿತು. ನಾನು ಚೀಲ ಬಿಚ್ಚಿ ಪುಸ್ತಕ ಮೇಜಿನ ಮೇಲಿಟ್ಟೆ. ಆ ಇನ್ನೊಂದು ಕಾರ್ಡಿನದೇ, ಮೆಟ್ಟಿಲು ಬಾವಿಗಳ ಮೇಲಿನದು.

ಪ್ರೊಫೆಸರು ಸಹಿಗೆ ತಂದಿದ್ದ ಕಾಗದ ಮಡಚಿ ಜೇಬಿಗಿಟ್ಟುಕೊಂಡರು.

"ಬಾಳ ತಡ ಆತು" ಎಂದೆ, ನಾಚಿ.

ಗುಮಾಸ್ತ ವಾಪಸಿನ ಮುದ್ರೆ ಒತ್ತಿದ. "ಎಲ್ಲಿ ತಡ ರೀ ಅಕ್ಕಾರ? ಬರೋಬರಿ ಹೊತ್ತಿಗೆ ತಂದೀರಿ."