ಹೊಸ್ತಿಲ ದಿಬ್ಬ

ಬಸರಿಹಾಳದಿಂದ ಹೊಳೆಗೆ ಹೋಗುವ ದಾರಿಯ ಎಡಕ್ಕೆ ಜಾಲಿ ಬೆಳೆದ ಒಂದು ದಿಬ್ಬವಿದೆ. ಅದರ ಮೇಲೆ ಗೋಡೆಯಿಲ್ಲ, ಕಂಬವಿಲ್ಲ. ಬರೀ ಹೊಸ್ತಿಲುಗಳು ನೆಲದಲ್ಲಿ ಹೂತು ಉಳಿದಿವೆ. ಊರವರು ಇದನ್ನು ಹೊಸ್ತಿಲ ದಿಬ್ಬ ಎನ್ನುತ್ತಾರೆ. ಹೊಸಬರು ಯಾವುದೋ ಹಾಳು ಗುಡಿಯೆಂದು ಕೈಮುಗಿಯುವುದುಂಟು. ಅದು ಗುಡಿಯಲ್ಲ, ಒಂದು ಹೆಣ್ಣುಜೀವ ಬಾಳಿದ ಮನೆ.

ಹಿಂದೆ ಈ ಸೀಮೆ ದೇಸಗತಿಯಲ್ಲಿದ್ದಾಗ, ಮುದಿವೀರಪ್ಪ ದೇಸಾಯಿಯ ಹೆಂಡತಿ ಸಿದ್ಧವ್ವ ಸಿಡುಬಿನಲ್ಲಿ ಎರಡೂ ಕಣ್ಣು ಕಳೆದುಕೊಂಡಳಂತೆ. ಇನ್ನೊಂದು ಮದುವೆಯಾಗೆಂದು ನಂಟರು ಒತ್ತಾಯಿಸಿದರು. ದೇಸಾಯಿ ಒಪ್ಪಲಿಲ್ಲ, ಈ ದಿಬ್ಬದ ಮೇಲೆ ಆಕೆಗಾಗಿ ಒಂದು ವಾಡೆ ಕಟ್ಟಿಸಿದ. ಅಂಥ ವಾಡೆಯನ್ನು ಯಾರೂ ಕಂಡಿರಲಿಲ್ಲ. ಒಂದೊಂದು ಕೋಣೆಗೂ ಒಂದೊಂದು ಬಗೆಯ ಹೊಸ್ತಿಲು. ಅಡುಗೆಮನೆಯದು ದುಂಡಗೆ, ದೇವರಮನೆಯದು ಮೊಣಕಾಲೆತ್ತರ, ಒಳಗಿನ ಬಾವಿಯ ಅಂಗಳಕ್ಕೆ ನುಣ್ಣನೆಯ ಕರಿಕಲ್ಲಿನದು. ಬಂದವರು ಎಡವಿ ಬಿದ್ದು ಹುಚ್ಚರ ವಾಡೆಯೆಂದು ಬೈದುಕೊಂಡು ಹೋಗುತ್ತಿದ್ದರು. ಸಿದ್ಧವ್ವ ಮಾತ್ರ ಪಾದದಿಂದಲೇ ಜಾಗ ತಿಳಿದು, ಕೋಲಿಲ್ಲದೆ, ಕೈಹಿಡಿಯುವವರಿಲ್ಲದೆ ಮನೆತುಂಬ ಓಡಾಡುತ್ತಿದ್ದಳು.

ದೇಸಾಯಿ ಮಕ್ಕಳಿಲ್ಲದೆ ತೀರಿಕೊಂಡ. ದೇಸಗತಿ ಅವನ ಅಣ್ಣನ ಮಗ ರಾಚೋಟಪ್ಪನಿಗೆ ಬಂತು. ಮನೆತನವನ್ನು ನಗೆಪಾಟಲು ಮಾಡಿದ ಈ ವಾಡೆ ಅವನ ಕಣ್ಣಿಗೆ ಚುಚ್ಚುತ್ತಿತ್ತು. ಇದನ್ನು ಕೆಡವಿ, ಇದರ ಕಲ್ಲು ತೊಲೆಗಳಿಂದ ಊರೊಳಗೆ ಹೊಸ ವಾಡೆ ಕಟ್ಟಿಸಲು ಹೊರಟ. ಸಿದ್ಧವ್ವ ಅಡ್ಡ ಬರಲಿಲ್ಲ.

“ಗ್ವಾಡಿ ಒಯ್ಯಪಾ, ತೊಲಿ ಒಯ್ಯಿ. ಹೊಸ್ತಿಲ ಅಷ್ಟು ಬಿಡು. ಅವನ್ನ ಕಿತ್ತರ ನಾ ಎಲ್ಲಿ ಅದೀನಿ ಅನ್ನೋದು ನನಗ ತಿಳಿಯಂಗಿಲ್ಲ” ಎಂದಳು.

“ಬಿಡ್ತೀನಿ, ಚಿಗವ್ವ” ಎಂದ ರಾಚೋಟಪ್ಪ.

ಕಲ್ಲುಕೆಲಸದ ಹುಲಗಪ್ಪ ತನ್ನವರೊಡನೆ ವಾಡೆ ಬಿಚ್ಚತೊಡಗಿದ. ಗೋಡೆಗಳು ಹೋದವು, ಬಾವಿಯ ಸುತ್ತಣ ಕಟ್ಟೆಯೂ ಹೋಯಿತು. ಸಿದ್ಧವ್ವನ ವಾಸಕ್ಕೆಂದು ಬಿಟ್ಟ ಅಡುಗೆಮನೆಯೊಂದು ಉಳಿದಿತ್ತು, ಆಕೆ ಅದರಲ್ಲಿದ್ದಳು. ಅಷ್ಟರಲ್ಲಿ ಬಾವಿಯಂಗಳದ ಕರಿಕಲ್ಲು ರಾಚೋಟಪ್ಪನ ಮನಸ್ಸಿಗೆ ಬಂತು. ಹೊಸ ವಾಡೆಯ ತಲೆಬಾಗಿಲಿಗೆ ಅದೇ ಬೇಕೆಂದ.

“ಅವ್ವಾರಿಗೆ ಒಂದ್ ಮಾತು ಹೇಳಿ ಕೀಳೂಣೇನ್ರಿ, ಧಣ್ಯಾರ?” ಎಂದು ಹುಲಗಪ್ಪ ಕೇಳಿದ.

“ಹೇಳಿದ್ರ ಅಳತಾಳ. ಸಂಜೀಕ ನಾನ ಹೇಳತೀನಿ.”

ಆಕೆ ಮಧ್ಯಾಹ್ನ ಮಲಗಿದ್ದಾಗ ಕಲ್ಲನ್ನು ಕಿತ್ತರು. ಇಳಿಜಾರಿನಲ್ಲಿ ಅದನ್ನು ಬಂಡಿಗೆ ಏರಿಸುತ್ತಿದ್ದಾಗ, ಸಿದ್ಧವ್ವ ಎದ್ದು ಕೊಡ ಹಿಡಿದು ನೀರಿಗೆ ಹೊರಟದ್ದು ಹುಲಗಪ್ಪನಿಗೆ ಕಂಡಿತು. ಆಕೆ ಪಾದವನ್ನು ನೆಲಕ್ಕೆ ಉಜ್ಜುತ್ತ, ಕರಿಕಲ್ಲಿನ ತಂಪನ್ನು ಹುಡುಕುತ್ತ ಮುಂದೆ ಮುಂದೆ ನಡೆಯುತ್ತಿದ್ದಳು.

“ಅವ್ವಾ, ನಿಲ್ರಿ, ಅಲ್ಲೇ ನಿಲ್ರಿ” ಎಂದು ಕೂಗುತ್ತ ಅವನು ಓಡಿದ.

ಆಕೆ ದನಿ ಬಂದ ಕಡೆಗೆ ಮುಖ ತಿರುಗಿಸಿ, “ಯಾಕೋ ಹುಲಗ್ಯಾ, ಇನ್ನೂ ಹೊಸ್ತಿಲ ಬಂದಿಲ್ಲಲ್ಲ” ಎಂದಳು. ಮುಂದಿನ ಹೆಜ್ಜೆಗೆ ನೆಲವಿರಲಿಲ್ಲ.

ಮೇಲೆತ್ತುವ ಹೊತ್ತಿಗೆ ಜೀವ ಹೋಗಿತ್ತು. ಹುಲಗಪ್ಪ ಬಂಡಿಯಿಂದ ಕರಿಕಲ್ಲನ್ನು ಇಳಿಸಿ ತಂದು ಮೊದಲಿನ ಜಾಗದಲ್ಲೇ ನೆಟ್ಟನಂತೆ. ರಾಚೋಟಪ್ಪ ಬೈದ, ಹೆಚ್ಚು ಕೂಲಿ ಕೊಡುತ್ತೇನೆಂದ. ಆದರೂ ಆ ಕಲ್ಲಿಗಾಗಲಿ ಉಳಿದ ಹೊಸ್ತಿಲುಗಳಿಗಾಗಲಿ ಯಾರೂ ಹಾರೆ ಹಾಕಲಿಲ್ಲ. ಅವನ ವಾಡೆ ತಲೆಬಾಗಿಲಿಗೆ ಬೇರೆ ಕಲ್ಲಿನ ಹೊಸ್ತಿಲಿಟ್ಟೇ ಎದ್ದಿತು. ಅವನು ಅದರಲ್ಲಿ ಬಹುಕಾಲ ಬಾಳಿದ. ಚಿಗವ್ವನ ಹೆಸರನ್ನು ಮಾತ್ರ ಯಾರೂ ತನ್ನೆದುರು ಎತ್ತದಂತೆ ನೋಡಿಕೊಂಡ ಎನ್ನುತ್ತಾರೆ.

ಬಾವಿ ಈಗ ಹೂಳು ತುಂಬಿ ಒಂದು ತಗ್ಗಾಗಿದೆ. ಅದರ ಮುಂದಿನ ಕರಿಕಲ್ಲು ಇಂದಿಗೂ ಅಲ್ಲಿದೆ. ಮೇಲ್ಮೈ ನುಣ್ಣಗಿಲ್ಲ. ಯಾವ ಪಾದಕ್ಕೂ ತಪ್ಪದೆ ತಿಳಿಯಲೆಂದು ಹುಲಗಪ್ಪ ಅದರ ಉದ್ದಕ್ಕೂ ಉಳಿಯಿಂದ ಕೊರೆದ ಗೀರುಗಳು, ಬೆರಳಿಟ್ಟರೆ ಇನ್ನೂ ಒರಟಾಗಿ ಸಿಗುತ್ತವೆ.