ಅರಸನ ತಲೆಗೆ ನಾಟಿ ಹಾಕಿದ ಕತೆ

ಒಂದಾನೊಂದು ಊರಿನಲ್ಲಿ, ಊರಿಗಿಂತ ಸ್ವಲ್ಪ ದೊಡ್ಡವನೇ ಆದ ಒಬ್ಬ ಅರಸನಿದ್ದ. ಕಾಲು ಚಾಚಿದರೆ ಪಕ್ಕದ ರಾಜ್ಯಕ್ಕೆ ಹೋಗುತ್ತಿತ್ತು. ಅದಕ್ಕೇ ಮುದುರಿಕೊಂಡು ಮಲಗುತ್ತಿದ್ದ. ಹೆಸರು ಮಾಚರಸ. ನಗಬೇಡಿ, ಇದು ಅಳೋ ಕತೆ. ನಡುನಡುವೆ ಹೂಂ ಅನ್ನಿ, ಸಾಕು.

ಮಾಚರಸನ ನೆತ್ತಿಯ ಮೇಲೆ ಎರಡು ಸುಳಿ. ಎರಡು ಸುಳಿ ಇದ್ದವನಿಗೆ ಎರಡು ಮದುವೆ ಅಂತಾರಲ್ಲ, ಇವನಿಗೆ ಒಂದೂ ಆಗಲಿಲ್ಲ. ಇದ್ದವಳು ಅವ್ವ ಒಬ್ಬಳೇ. ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ದನಿ ಕೇಳಿ ಗುರುತು ಹಿಡಿಯೋಣ ಅಂದರೆ ಆ ರಾಜ್ಯದಲ್ಲಿ ಎಲ್ಲರದೂ ಒಂದೇ ದನಿ. ಅರಸನ ದನಿಯಲ್ಲೇ ಮಾತಾಡಬೇಕು ಅಂತ ಮುತ್ತಾತನ ಕಾಲದ ಕಟ್ಟಳೆ. ಎಮ್ಮೆಗಳೂ ಅದೇ ದನಿಯಲ್ಲಿ ಕೂಗುತ್ತಿದ್ದವು.

ಹಾಗಾಗಿ ದಿನಾ ಮಧ್ಯಾಹ್ನ ಮಾಚರಸ ಅವ್ವನ ಮುಂದೆ ತಲೆ ತಗ್ಗಿಸಿ ಕೂರುತ್ತಿದ್ದ. ಅವ್ವ ನೆತ್ತಿ ತಡವುತ್ತಿದ್ದಳು. "ಒಂದು ಸುಳಿ. ಎರಡು ಸುಳಿ. ಹೂಂ, ನನ್ನ ಮಗನೇ." ಆಮೇಲೆ ಸಾರನ್ನ ಕಲಸಿ ಕೈತುತ್ತು ಹಾಕುತ್ತಿದ್ದಳು. ಲೋಕದಲ್ಲಿ ಮಾಚರಸನಿಗೆ ಬೇಕಾಗಿದ್ದದ್ದು ಅದೊಂದೇ.

ಒಂದು ಬೆಳಿಗ್ಗೆ ಮುಂದಲೆಯ ಕೂದಲುಗಳು ಗಂಟುಮೂಟೆ ಕಟ್ಟಿಕೊಂಡು ಹಣೆಯ ಮೇಲೆ ಸಾಲಾಗಿ ನಿಂತವು.

"ಹೊರಟ್ವಿ ಬುದ್ಧಿ."

"ಎಲ್ಲಿಗ್ರೋ?"

"ಗೊತ್ತಿಲ್ಲ ಬುದ್ಧಿ. ನಿಮ್ಮಪ್ಪನ ತಲೆಯವರೂ ಹೋಗಿದ್ರು, ಅವರಪ್ಪನ ತಲೆಯವರೂ ಹೋಗಿದ್ರು. ಹೋಗಬೇಕು, ಅಷ್ಟೇ."

ಹೋದವು. ಹಿಡಿತ ತಪ್ಪಿ ಕಿರೀಟ ಜಾರಿ ಮೂಗಿನ ಮೇಲೆ ಕೂತಿತು. ಕಿರೀಟ ಮೂಗಿನ ಮೇಲಿದ್ದರೆ ಅರಸ ಸೀನುವ ಹಾಗಿಲ್ಲ. ಅರಸ ಸೀನದೆ ಯಾರೂ ಸೀನುವ ಹಾಗಿಲ್ಲ. ರಾಜ್ಯವೆಲ್ಲ ಮೂಗು ಹಿಡಿದುಕೊಂಡು ಒದ್ದಾಡಿತು. ಮಂತ್ರಿ ಯೋಚಿಸಿದ. ಖಾಲಿ ಬಿದ್ದ ನೆಲಕ್ಕೆ ಪೈರು ನೆಡೋರು ಯಾರು? ಗದ್ದೆಯಿಂದ ನಾಟಿ ಕೆಂಚವ್ವನನ್ನು ಕರೆಸಿದ.

ಕೆಂಚವ್ವ ಕೆಸರುಗಾಲಲ್ಲೇ ಬಂದಳು. ಅರಸನ ಹಿಂದಲೆಯ ಕೂದಲನ್ನು ಎಳೆದು ನೋಡಿದಳು.

"ಇವು ಮೊಂಡು ಜಾತಿ ಬುದ್ಧಿ. ಕಿತ್ತು ಮುಂದಕ್ಕೆ ನೆಟ್ಟರೂ ಮೊಂಡುತನ ಬಿಡಲ್ಲ. ಕೊನೇವರೆಗೂ ಜೊತೇಲಿರ್ತವೆ."

"ಹಂಗಾದ್ರೆ ಎಲ್ಲಾನೂ ಕಿತ್ತು ಮುಂದಕ್ಕೆ ನೆಡು. ಒತ್ತಾಗಿ ನೆಡು."

"ಎಲ್ಲಾ ಬೇಡಿ ಬುದ್ಧಿ. ಸಸಿಮಡಿ ಇರೋದು ಇದೊಂದೇ. ಕಿತ್ತ ಕಡೆ ಮತ್ತೆ ಹುಟ್ಟಲ್ಲ. ಮಿಕ್ಕ ಕೂದಲು ಇನ್ನೂ ಹೋಗೋದೈತೆ. ನಾಳೆ ಆ ಸುಳಿಗಳು ಹೊರಟು ನಿಂತ್ರೆ ಅಲ್ಲಿಗೇನು ನೆಡಾನ? ಅರ್ಧ ಈಗ, ಅರ್ಧ ಆಮೇಲೆ."

ಮಾಚರಸ ಸುಳಿಗಳನ್ನೇ ಕೇಳಿದ. "ಏನ್ರಪ್ಪಾ, ನೀವೂ ಹೋಗ್ತೀರೇನು?"

"ಇವತ್ತಿಲ್ಲ ಬುದ್ಧಿ," ಅಂದವು ಸುಳಿಗಳು.

"ಕೇಳಿಸ್ತಾ? ಹೋಗಲ್ಲವಂತೆ!" ಅಂದ ಮಾಚರಸ. ಅಯ್ಯೋ, ಅವು ಹೇಳಿದ್ದೇನು, ಇವನು ತಿಳಕೊಂಡದ್ದೇನು.

ಕೆಂಚವ್ವನ ಜೊತೆಯ ಹೆಂಗಸರು ಸೆರಗು ಸಿಕ್ಕಿಸಿ ಇಳಿದರು. ಅರಸನ ಮಾತಿನಂತೆ ಹಿಂದಲೆಯದನ್ನೆಲ್ಲ ಕಿತ್ತರು. ನಾಟಿ ಹಾಕೋರು ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾ ನೆಡ್ತಾರಲ್ಲ, ಹಾಗೆ ಹಣೆಯಿಂದ ಶುರುಮಾಡಿ ಹಿಂದಕ್ಕೆ ಬಂದರು. ಅರಸ "ಒತ್ತಾಗಿ, ಒತ್ತಾಗಿ" ಅನ್ನುತ್ತಲೇ ಇದ್ದ. ನೆತ್ತಿಗೆ ಇನ್ನೂ ನಾಲ್ಕು ಬೆರಳು ಇರುವಾಗಲೇ ಸಸಿ ಮುಗಿದುಹೋಯಿತು. ಕೆಂಚವ್ವ ಕೈ ಕೊಡವಿಕೊಂಡು ಮನೆಗೆ ಹೋದಳು.

ತಿಂಗಳಿಗೆಲ್ಲ ನೆಟ್ಟದ್ದು ಉದುರಿತು. ಅರಸ ಗೋಳಾಡಿದ. "ಬೇರು ಒಳಗೈತೆ, ತಡೀರಿ ಬುದ್ಧಿ," ಅಂತ ಕೆಂಚವ್ವ ಹೇಳಿಕಳಿಸಿದಳು. ನಿಜವೇ, ಮುಂದಿನ ಸುಗ್ಗಿಯ ಹೊತ್ತಿಗೆ ಮುಂದಲೆ ದಟ್ಟವಾಗಿ ಬೆಳೆದು ನಿಂತಿತು. ಕಿರೀಟ ತನ್ನ ಜಾಗ ಸೇರಿತು. ಅರಸ ಸೀನಿದ, ರಾಜ್ಯವೆಲ್ಲ ಸೀನಿತು. ಇನ್ನು ಮೇಲೆ ತನ್ನ ಬೆನ್ನ ಹಿಂದೆ ಯಾರೂ ನಡೆಯಕೂಡದು, ಎಲ್ಲರೂ ಮುಂದಲೆ ನೋಡುತ್ತಾ ಮುಂದೆಯೇ ನಡೀಬೇಕು ಅಂತ ಅಪ್ಪಣೆ ಮಾಡಿದ. ಮಂತ್ರಿ ಹಿಮ್ಮುಖವಾಗಿ ನಡೆದು ಎರಡು ಸಲ ಬಾವಿಗೆ ಬಿದ್ದ.

ವರ್ಷ ಕಳೆಯಿತು, ಇನ್ನೊಂದು ಕಳೆಯಿತು. ಬೆನ್ನ ಕಡೆಯಿಂದ, ನೆತ್ತಿಯಲ್ಲಿ ಉಳಿದಿದ್ದ ಕೂದಲು ಒಂದೊಂದೇ ಎದ್ದು ಹೋಗುತ್ತಿತ್ತು. ಹಿಂದೆ ಯಾರೂ ಇರಲಿಲ್ಲವಲ್ಲ, ಹೇಳೋರ್ಯಾರು?

ಒಂದು ಮಧ್ಯಾಹ್ನ ಅವ್ವ ನೆತ್ತಿ ತಡವಿ, "ಒಂದು ಸುಳಿ..." ಅಂದು ತುಂಬಾ ಹೊತ್ತು ಹುಡುಕಿದಳು. "ಮಗನ ಥರಾನೇ ಇದೀಯಪ್ಪ," ಅಂತ ಅರ್ಧ ತುತ್ತು ಕೊಟ್ಟಳು. ಮಾಚರಸ ಆ ಅರ್ಧ ತುತ್ತನ್ನು ಬಾಯಲ್ಲಿಟ್ಟುಕೊಂಡು ಸಂಜೆಯವರೆಗೂ ನುಂಗಲಿಲ್ಲ.

ಹದಿನೈದು ದಿನಕ್ಕೆ ಉಳಿದ ಸುಳಿಯೂ ಗಂಟು ಹೊತ್ತು ನಿಂತಿತು. "ಬುದ್ಧಿ, ಇವತ್ತು," ಅಂದಿತು. ಮಾಚರಸ ಬಿಕ್ಕಿ ಬಿಕ್ಕಿ ಅತ್ತ. ಸುಳಿಯೂ ಅತ್ತಿತು. ಅಳುತ್ತಲೇ ಹೋಯಿತು.

ಅವ್ವ ತಡವಿದಳು. ನುಣ್ಣಗಿತ್ತು.

"ಯಾರಪ್ಪ ನೀನು?"

"ಅವ್ವಾ, ನಾನೇ. ಮಾಚ."

"ಎಲ್ಲರೂ ಹಂಗೇ ಅಂತಾರೆ. ಪಾಪ, ಹಸಿದು ಬಂದಿದೀಯ. ನಿನ್ನ ತಾಯಿ ಕಾಯ್ತಿರ್ತಾಳೆ, ಹೋಗು. ನನ್ನ ಮಗ ಬರೋ ಹೊತ್ತು." ತುತ್ತು ಹಿಡಿದುಕೊಂಡು ಹಾಗೇ ಕೂತಳು. ಮಗ ಉಣ್ಣದೆ ಅವಳು ಉಣ್ಣೋಳಲ್ಲ. ಸಾರನ್ನ ಆರಿತು.

ಮಾಚರಸ ಗದ್ದೆಗೆ ಓಡಿದ. "ಕೆಂಚವ್ವಾ, ನೆತ್ತಿಗೆ ನೆಡು!"

"ಸಸಿ ಎಲ್ಲೈತೆ ಬುದ್ಧಿ?"

"ಮುಂದಲೆಯದನ್ನೇ ಕಿತ್ತು ಹಿಂದಕ್ಕೆ ನೆಡು."

ಮುಂದಲೆಯ ಕೂದಲುಗಳು ಹಣೆಯನ್ನು ಗಟ್ಟಿಯಾಗಿ ಹಿಡಿದುಕೊಂಡವು. "ನಾವು ಬರಲ್ಲ. ಕೊನೇವರೆಗೂ ಇಲ್ಲೇ ಇರ್ತೀವಿ ಅಂತ ಮಾತಾಗಿತ್ತು. ಮಾತಿಗೆ ತಪ್ಪೋರಲ್ಲ ನಾವು." ಹೆಂಗಸರೆಲ್ಲ ಸೇರಿ ಎಳೆದರೂ ಒಂದೂ ಬರಲಿಲ್ಲ.

ಅವ್ವ ಎರಡು ದಿನ ಉಪವಾಸ ಕೂತಳು. ಮೂರನೇ ದಿನ ಮಾಚರಸ ತಾನೇ ಮನೆಮನೆಗೆ ಹೋಗಿ ತಲೆ ತಡವಿದ. ಕೊನೆಗೆ ಕುರಿ ಕಾಯುವ ದ್ಯಾವಯ್ಯನ ನೆತ್ತಿಯಲ್ಲಿ ಎರಡು ಸುಳಿ ಸಿಕ್ಕಿದವು. ದ್ಯಾವಯ್ಯನಿಗೆ ಮನೆಯಲ್ಲಿ ಇಬ್ಬರು ಹೆಂಡಿರು. ಅವಳು ಇಕ್ಕಿರ್ತಾಳೆ ಅಂತ ಇವಳು, ಇವಳು ಇಕ್ಕಿರ್ತಾಳೆ ಅಂತ ಅವಳು, ಯಾರೂ ಊಟಕ್ಕಿಕ್ಕುತ್ತಿರಲಿಲ್ಲ. ಕರೆದ ತಕ್ಷಣ ಬಂದ.

"ಒಂದು ಸುಳಿ. ಎರಡು ಸುಳಿ. ಬಂದೆಯಾ ಮಗಾ!" ಅಂದಳು ಅವ್ವ. ದ್ಯಾವಯ್ಯ ಬಾಯಿ ತೆರೆದ. ಪಕ್ಕದಲ್ಲಿ ಕೂತ ಮಾಚರಸನೂ ಸುಮ್ಮನೆ ಬಾಯಿ ತೆರೆದ.

ಅವತ್ತಿನಿಂದ ಮಾಚರಸನಿಗೆ ಒಂದೇ ಕೆಲಸ. ಬೆಳಿಗ್ಗೆ ಎದ್ದು ದ್ಯಾವಯ್ಯನ ತಲೆಗೆ ಎಣ್ಣೆ ಹಚ್ಚುತ್ತಾನೆ. ದ್ಯಾವಯ್ಯನ ಹಿಂದಲೆಗೆ ಕಾವಲು ಹಾಕಿದ್ದಾನೆ. ಒಂದು ಸಸಿಯನ್ನೂ ಮುಟ್ಟಕೂಡದು, ಎಲ್ಲ ಸುಳಿಗೇ ಮೀಸಲು. ಅವ್ವ ನೂರು ವರ್ಷ ಬಾಳಬೇಕಲ್ಲ. ಊಟವಾದ ಮೇಲೆ ದ್ಯಾವಯ್ಯನನ್ನು ಹೊರಗೆ ಕರೆದು ಮೆಲ್ಲಗೆ ಕೇಳುತ್ತಾನೆ. "ಇವತ್ತು ಏನು ಸಾರು? ಉಪ್ಪು ಸರಿಯಿತ್ತಾ?"

ಒಂದು ದಿನ ಮಾಚರಸನಿಗೆ ತಡೆಯಲಾಗಲಿಲ್ಲ. ಅವ್ವ ತುತ್ತು ಎತ್ತಿದಾಗ ಪಕ್ಕದಲ್ಲಿ ಕೂತವನು ಬಿಕ್ಕಿಬಿಟ್ಟ. ಅವ್ವನ ಕೈ ನಿಂತಿತು. ದನಿ ಎಲ್ಲರದೂ ಒಂದೇ ಅಲ್ಲವೇ?

"ಯಾಕೆ ಮಗಾ ಅಳ್ತೀಯ? ಖಾರ ಆಯ್ತಾ?"

ದ್ಯಾವಯ್ಯ ಅರಸನ ಮುಖ ನೋಡಿದ. "ಹೂಂ ಅವ್ವಾ," ಅಂದ.

ಮಾರನೇ ದಿನದಿಂದ ಅವ್ವ ಸಾರಿಗೆ ಖಾರ ಕಡಿಮೆ ಮಾಡಿದಳು.

ಇದರ ನೀತಿ ಏನು ಅಂದರೆ, ಹಿಂದಲೆಯಲ್ಲಿ ನಾಲ್ಕು ಕೂದಲು ಉಳಿಸಿಕೊಂಡಿರಿ. ನನ್ನ ಕತೆ ಇಲ್ಲಿಗೆ ಬೋಳಾಯಿತು. ಅವ್ವ ಇದ್ದೋರು ಎದ್ದು ಹೋಗಿ ತಲೆ ಮುಟ್ಟಿಸಿಕೊಂಡು ಬನ್ನಿ, ಉಳಿದೋರು ನನ್ನ ಜೊತೆ ಕೂತಿರಿ.